ಬೆನ್ನ ಮೇಲೆ 4×5: ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾ ಹೊತ್ತು ಬೆಟ್ಟ ಹತ್ತುವುದು ಹೇಗೆ?

ಸೂರ್ಯ ಮುಳುಗಲು ಇನ್ನು ಅರ್ಧ ಗಂಟೆ ಇದೆ. ಎದುರಿನ ಶಿಖರ ನಿಧಾನವಾಗಿ ಕೆಂಪಗಾಗುತ್ತಿದೆ. ಬೆಳಿಗ್ಗೆಯಿಂದ ಹತ್ತಿ ಹತ್ತಿ ತೊಡೆ ನಡುಗುತ್ತಿದೆ. ಬೆನ್ನಿನ ಬೆವರು ತಣ್ಣಗಾಗಿ ಚಳಿ ಹಿಡಿಯುತ್ತಿದೆ. ರೋಲಿನ ಬದಲು ಒಂದೊಂದೇ ದೊಡ್ಡ ಫಿಲ್ಮ್ ಹಾಳೆ ಹಾಕಿ ಚಿತ್ರ ತೆಗೆಯುವ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾದ ನಿಜವಾದ ಕೆಲಸ ಶುರುವಾಗುವುದೇ ಈ ಹೊತ್ತಿಗೆ. ಟ್ರೈಪಾಡ್ ನಿಲ್ಲಿಸಬೇಕು, ಕ್ಯಾಮೆರಾ ಬಿಚ್ಚಬೇಕು, ಲೆನ್ಸ್ ಹಾಕಬೇಕು, ಫೋಕಸ್ ಮಾಡಬೇಕು, ಬೆಳಕು ಅಳೆಯಬೇಕು. ಹೀಗೆ ಹದಿನೈದು ಸಣ್ಣ ಕೆಲಸಗಳು, ಸರಿಯಾದ ಕ್ರಮದಲ್ಲಿ, ಒಂದೂ ಬಿಟ್ಟುಹೋಗದಂತೆ ಆಗಬೇಕು. ಅದರಲ್ಲಿ ಒಂದು ತಪ್ಪಿದರೂ ಹಾಳೆ ಹೋಯಿತು.

ದಣಿದ ಕೈ ತಪ್ಪು ಮಾಡುತ್ತದೆ. ಈ ಲೇಖನದಲ್ಲಿ ನಾನು ಹೇಳುವ ಎಲ್ಲದರ ಹಿಂದೆ ಇರುವುದು ಇದೊಂದೇ ಮಾತು. ತೂಕ ಇಳಿಸಿ, ಸಾಮಾನು ಕಡಿಮೆ ಮಾಡಿ, ಕೆಲಸದ ಕ್ರಮವನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ ಅಂತ ಹೇಳುವುದು ಆ ಕೊನೆಯ ಅರ್ಧ ಗಂಟೆಗೆ ನಿಮ್ಮ ಕೈ, ತಲೆ ಎರಡೂ ಉಳಿದಿರಲಿ ಎಂದು.

4×5 ಇಂಚಿನ ಕ್ಯಾಮೆರಾವನ್ನು ಒಮ್ಮೆಯಾದರೂ ಬಳಸಿದವರು, ಈಗ ಅದನ್ನು ಬೆಟ್ಟಕ್ಕೆ ಒಯ್ಯಬೇಕು ಎಂದುಕೊಂಡವರು ನನ್ನ ಓದುಗರು. ಈ ಹಾಳೆ 35 ಎಂಎಂ ಫ್ರೇಮಿಗಿಂತ ಸುಮಾರು 13 ಪಟ್ಟು ದೊಡ್ಡದು. ದೂರದ ಬಂಡೆಯ ಬಿರುಕು, ಹಿಮದ ಮೇಲೆ ಗಾಳಿ ಎಳೆದ ಗೆರೆ, ಕಣಿವೆಯ ಆ ಕಡೆಯ ಒಂದೊಂದು ಮರ ಎಲ್ಲವೂ ಅದರಲ್ಲಿ ಉಳಿಯುತ್ತದೆ. ಹೊರುವ ಕಷ್ಟಕ್ಕೆ ಅದೇ ಕಾರಣ. 8×10 ಹೊತ್ತು ಹೋಗುವವರೂ ಇದ್ದಾರೆ. ಆದರೆ ಹಾಳೆ ನಾಲ್ಕು ಪಟ್ಟಾದಾಗ ಹೋಲ್ಡರ್ (ಎರಡು ಬದಿಗೂ ಒಂದೊಂದು ಹಾಳೆ ಹಿಡಿಯುವ ಚಪ್ಪಟೆ ಪೆಟ್ಟಿಗೆ), ಲೆನ್ಸ್, ಟ್ರೈಪಾಡ್ ಎಲ್ಲವೂ ಹಿಗ್ಗುತ್ತವೆ. ರಾತ್ರಿ ಉಳಿಯುವ ಚಾರಣಕ್ಕೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ.

ಮೊದಲು ತಕ್ಕಡಿ

ಹೊರಡುವ ಒಂದು ವಾರ ಮುಂಚೆ ಎಲ್ಲವನ್ನೂ ನೆಲದ ಮೇಲೆ ಹರಡಿ. ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೇ ಇಟ್ಟು ತೂಕ ಬರೆದುಕೊಳ್ಳಿ. ಅಂದಾಜು ಬೇಡ. ಅಂದಾಜಿನಲ್ಲಿ ನಾವು ಯಾವಾಗಲೂ ಕಡಿಮೆಯೇ ಹೇಳುತ್ತೇವೆ.

ಮರ ಅಥವಾ ಕಾರ್ಬನ್ ಫೈಬರ್‌ನ ಮಡಚುವ ಫೀಲ್ಡ್ ಕ್ಯಾಮೆರಾ 1.2 ರಿಂದ 1.8 ಕಿಲೋ ತೂಗುತ್ತದೆ. ಇಂಟ್ರೆಪಿಡ್, ಶಮೊನಿ ಈ ಗುಂಪಿನವು. ಲಿನ್‌ಹಾಫ್ ಟೆಕ್ನಿಕಾ, ಟೋಯೊ 45ಎ ಥರದ ಲೋಹದ ಫೀಲ್ಡ್ ಕ್ಯಾಮೆರಾಗಳು ಎರಡೂವರೆ ಕಿಲೋ ದಾಟುತ್ತವೆ. ಅವು ಗಟ್ಟಿ, ಗಾಳಿಗೆ ಅಲ್ಲಾಡುವುದಿಲ್ಲ, ಎಷ್ಟು ವರ್ಷವಾದರೂ ಬಾಳುತ್ತವೆ. ಆದರೂ ಹೆಚ್ಚುವರಿ ಒಂದು ಕಿಲೋ ಅಂದರೆ ಒಂದು ಲೀಟರ್ ನೀರು. ಒಣ ಬೆಟ್ಟದಲ್ಲಿ ನಾನು ನೀರನ್ನೇ ಆರಿಸಿಕೊಳ್ಳುತ್ತೇನೆ. ಉದ್ದ ಹಳಿಯ ಮೊನೊರೈಲ್ ಕ್ಯಾಮೆರಾ ಸ್ಟುಡಿಯೋದಲ್ಲೇ ಇರಲಿ.

ನನ್ನ ಲೆಕ್ಕ ಹೀಗಿದೆ. ಕ್ಯಾಮೆರಾ 1.5 ಕಿಲೋ, ಎರಡು ಸಣ್ಣ ಲೆನ್ಸ್ ಅವನ್ನು ಕ್ಯಾಮೆರಾಕ್ಕೆ ಕೂರಿಸುವ ಬೋರ್ಡ್ ಸಮೇತ ಅರ್ಧ ಕಿಲೋ, ಕಾರ್ಬನ್ ಟ್ರೈಪಾಡ್ ತಲೆಯ ಜೊತೆ 2 ಕಿಲೋ, ಫಿಲ್ಮ್ ತುಂಬಿದ ಐದು ಹೋಲ್ಡರ್ ಸುಮಾರು 0.9 ಕಿಲೋ. ಬೆಳಕು ಅಳೆಯುವ ಮೀಟರ್, ತಲೆಗೆ ಹೊದೆಯುವ ಕಪ್ಪು ಬಟ್ಟೆ, ಲೂಪ್ ಎಂಬ ಭೂತಗನ್ನಡಿ, ಫಿಲ್ಟರ್, ಶಟರ್ ಒತ್ತುವ ಕೇಬಲ್ ರಿಲೀಸ್ ಎಲ್ಲ ಸೇರಿ ಇನ್ನೊಂದು 0.9. ಒಟ್ಟು 6 ಕಿಲೋ ಒಳಗೆ ನಿಲ್ಲುತ್ತದೆ. ಹೊರೆ ನಮ್ಮ ಮೈತೂಕದ ಐದನೇ ಒಂದು ಭಾಗ ದಾಟಬಾರದು ಅಂತ ಚಾರಣಿಗರು ಹೇಳುವುದುಂಟು. 70 ಕಿಲೋ ಇರುವವರಿಗೆ ಅದು 14 ಕಿಲೋ. ಕ್ಯಾಮೆರಾಕ್ಕೆ 6 ಕೊಟ್ಟರೆ ಟೆಂಟ್, ಹಾಸಿಗೆ, ಊಟ, ನೀರಿಗೆ ಉಳಿಯುವುದು 8. ಕಷ್ಟ, ಆದರೆ ಆಗುತ್ತದೆ.

ತೂಕ ಇಳಿಸುವ ಹುರುಪಿನಲ್ಲಿ ಮಳೆ ಜಾಕೆಟ್, ಬೆಚ್ಚನೆಯ ಬಟ್ಟೆ, ತಲೆದೀಪ, ಔಷಧಿ ಪೊಟ್ಟಣ ಇವನ್ನು ಮಾತ್ರ ಮುಟ್ಟಬೇಡಿ. ಸಂಜೆ ಬೆಳಕಿಗೆ ಕಾಯುವವರು ಇಳಿಯುವುದು ಕತ್ತಲಲ್ಲೇ. ನಮಗೆ ಇವು ಉಳಿದವರಿಗಿಂತ ಜಾಸ್ತಿ ಬೇಕು.

ಎರಡು ಲೆನ್ಸ್ ಸಾಕು, ಮೊದಲ ಸಲ ಒಂದೇ ಸಾಕು

ಲಾರ್ಜ್ ಫಾರ್ಮ್ಯಾಟ್ ಲೆನ್ಸುಗಳಲ್ಲಿ ತೂಕದ ಅಂತರ ಅಪಾರ. (ಎಫ್ ಅಂಕಿ ಸಣ್ಣದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು.) 300 ಎಂಎಂ ಎಫ್ 5.6 ಲೆನ್ಸ್ ದೊಡ್ಡ ಕೋಪಾಲ್ 3 ಶಟರ್‌ನಲ್ಲಿ ಕೂತು ಒಂದು ಕಿಲೋ ದಾಟುತ್ತದೆ. ಅದೇ 300 ಎಂಎಂ ನಿಕ್ಕಾರ್ ಎಂ, ಎಫ್ 9, ತೂಗುವುದು ಬರೀ 290 ಗ್ರಾಂ. ಫುಜಿನಾನ್ ಎ 240 ಎಂಎಂ ಎಫ್ 9 ಸುಮಾರು 245 ಗ್ರಾಂ. ನಿಕ್ಕಾರ್ ಎಂ 200 ಎಂಎಂ ಎಫ್ 8 ಇನ್ನೂ ಹಗುರ, 180 ಗ್ರಾಂ. ಹೇಗೂ ನಾವು ಎಫ್ 22, ಎಫ್ 32ರಲ್ಲೇ ಚಿತ್ರ ತೆಗೆಯುವುದು ಅಲ್ವಾ? ಎಫ್ 5.6 ಬೇಕಾಗುವುದು ನೋಡುವುದಕ್ಕೆ ಮಾತ್ರ. ಅದೂ ಸಣ್ಣ ಮಾತಲ್ಲ. ಮುಸ್ಸಂಜೆಯಲ್ಲಿ ಎಫ್ 9 ಲೆನ್ಸಿನಲ್ಲಿ ಗ್ರೌಂಡ್ ಗ್ಲಾಸ್ (ಫೋಕಸ್ ನೋಡುವ ಹಿಂಬದಿಯ ಮಸುಕು ಗಾಜು) ಮಂಕಾಗಿ ಕಾಣುತ್ತದೆ. ಹಾಗಾಗಿ ಬೆಳಕಿರುವಾಗಲೇ ಫೋಕಸ್ ಮುಗಿಸಿ ಕಾಯುವ ಅಭ್ಯಾಸ ಬೆಳೆಸಿಕೊಳ್ಳಿ.

ಬೆಟ್ಟ ಅಂದರೆ ವೈಡ್ ಲೆನ್ಸ್ ಅಂತ ಹೊಸಬರು ಅಂದುಕೊಳ್ಳುತ್ತಾರೆ. ನನ್ನ ಅನುಭವ ಬೇರೆ. 90 ಎಂಎಂನಲ್ಲಿ ಕಾಲ ಬುಡದ ಕಲ್ಲು ಬೃಹತ್ತಾಗಿ ನಿಲ್ಲುತ್ತದೆ, ಇಡೀ ದಿನ ಕಣ್ಣು ತುಂಬಿಕೊಂಡಿದ್ದ ಶಿಖರ ಗುಡ್ಡೆಯಂತೆ ಕುಗ್ಗುತ್ತದೆ. 210 ಅಥವಾ 240 ಹಾಕಿದಾಗ ಶಿಖರ ನಾವು ಕಂಡಷ್ಟೇ ಎತ್ತರಕ್ಕೆ ಬರುತ್ತದೆ. ಒಂದೇ ಲೆನ್ಸ್ ಎಂದರೆ 150. ಎರಡು ಎಂದರೆ 135 ಮತ್ತು 240. ಮೂರನೆಯದು ಬೇಕು ಅನ್ನಿಸಿದರೆ ಅದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.

ಒಂದು ಎಚ್ಚರ. ಅನಂತ ದೂರಕ್ಕೆ ಫೋಕಸ್ ಮಾಡಲು ಲೆನ್ಸಿನ ಫೋಕಲ್ ಲೆಂತ್ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ ಬೆಲ್ಲೋಸ್ (ಲೆನ್ಸಿಗೂ ಹಿಂಬದಿ ಗಾಜಿಗೂ ನಡುವಿನ ಮಡಿಕೆಯ ಚೀಲ) ಚಾಚಬೇಕು. ಹಗುರ ಕ್ಯಾಮೆರಾಗಳಲ್ಲಿ ಹಲವು 300 ಎಂಎಂ ಆಸುಪಾಸಿನಲ್ಲೇ ನಿಲ್ಲುತ್ತವೆ. 300ರ ಲೆನ್ಸ್ ಕೊಳ್ಳುವ ಮುಂಚೆ ನಿಮ್ಮ ಕ್ಯಾಮೆರಾ ಎಷ್ಟು ಚಾಚುತ್ತದೆ ಅಳೆದು ನೋಡಿ.

ಹೋಲ್ಡರ್ ತುಂಬುವುದು

ಎರಡು ದಿನದ ನಡಿಗೆಗೆ ಐದು ಹೋಲ್ಡರ್, ಅಂದರೆ ಹತ್ತು ಹಾಳೆ. ಸಾಲದು ಅನ್ನಿಸುತ್ತದೆ. ಒಂದು ದೃಶ್ಯಕ್ಕೆ ಎರಡು ಹಾಳೆಯಂತೆ ಐದು ಚಿತ್ರ. ಎರಡು ದಿನದಲ್ಲಿ ನಿಜವಾಗಿ ನಿಂತು ತೆಗೆಯಬೇಕಾದ ಐದು ಚಿತ್ರ ಸಿಕ್ಕಿದರೆ ಅದು ಒಳ್ಳೆಯ ಪ್ರವಾಸ.

ಒಂದೇ ಬಗೆಯ ಫಿಲ್ಮ್ ಒಯ್ಯಿರಿ. ಎರಡು ಬಗೆ ಇದ್ದರೆ ಯಾವ ಹೋಲ್ಡರ್‌ನಲ್ಲಿ ಯಾವುದು ಎಂಬ ಗೊಂದಲ ಖಂಡಿತ ಬರುತ್ತದೆ, ಅದೂ ಅತ್ಯಂತ ಕೆಟ್ಟ ಗಳಿಗೆಯಲ್ಲಿ. ಕಪ್ಪು-ಬಿಳುಪಿನಲ್ಲಿ ಇಲ್ಫರ್ಡ್ ಎಫ್‌ಪಿ4 ಪ್ಲಸ್, ಐಎಸ್ಒ 125, ಸೊಗಸಾದ ಫಿಲ್ಮ್. ಆದರೆ ಗಾಳಿ ಬೀಸುವ ಬೆಟ್ಟಸಾಲಿನ ನೆತ್ತಿಗೆ ಹೋಗುವುದಾದರೆ ಐಎಸ್ಒ 400ರ ಎಚ್‌ಪಿ5 ಪ್ಲಸ್ ಹಿಡಿಯಿರಿ. ಈ ಗಾತ್ರದಲ್ಲಿ ಗ್ರೇನ್ ಚಿಂತೆ ಇಲ್ಲ, ಶಟರ್ ವೇಗ ಮಾತ್ರ ಚಿಂತೆ. ಬಣ್ಣದಲ್ಲಾದರೆ ನೆಗೆಟಿವ್ ಫಿಲ್ಮ್ ಸಣ್ಣಪುಟ್ಟ ಅಳತೆ ತಪ್ಪನ್ನು ಸಹಿಸುತ್ತದೆ. ಸ್ಲೈಡ್ ಫಿಲ್ಮ್ ಸಹಿಸುವುದಿಲ್ಲ.

ತುಂಬುವ ದಿನ ಹೋಲ್ಡರ್‌ಗಳನ್ನು ಒಣ ಬ್ರಷ್‌ನಲ್ಲಿ ಸ್ವಚ್ಛ ಮಾಡಿ. ಕೋಣೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಧೂಳು ಕೂರಲು ಬಿಡಿ. ಕತ್ತಲಲ್ಲಿ ಹಾಳೆಯನ್ನು ನಿಲುವಾಗಿ ಹಿಡಿದು ಅಂಚಿನ ಕಚ್ಚು ಬಲಗಡೆ ಮೇಲಿನ ಮೂಲೆಗೆ ಬರುವಂತೆ ತಿರುಗಿಸಿ. ಆಗ ಬೆಳಕು ಹಿಡಿಯುವ ಎಮಲ್ಷನ್ ಬದಿ ನಿಮ್ಮ ಕಡೆಗಿರುತ್ತದೆ. ಹಾಳೆ ಎರಡೂ ಬದಿಯ ಹಳಿಯ ಕೆಳಗೆ ಜಾರಬೇಕು. ಒಂದು ಬದಿ ಮೇಲೆ ಕೂತರೆ ಡಾರ್ಕ್ ಸ್ಲೈಡ್ (ಹಾಳೆಯನ್ನು ಬೆಳಕಿನಿಂದ ಮುಚ್ಚುವ ಜಾರು ಹಲಗೆ) ತಡೆಯುತ್ತದೆ. ಆಗ ಬಲ ಹಾಕಬೇಡಿ, ಹಾಳೆ ಹೊರತೆಗೆದು ಮತ್ತೆ ಸೇರಿಸಿ. ಹಾಳಾದ ಒಂದು ಹಾಳೆ ಇಟ್ಟುಕೊಂಡು ಬೆಳಕಿನಲ್ಲಿ ಇಪ್ಪತ್ತು ಸಲ, ಕಣ್ಣು ಮುಚ್ಚಿ ಇಪ್ಪತ್ತು ಸಲ ಅಭ್ಯಾಸ ಮಾಡಿ. ಈ ಒಂದು ಸಂಜೆಯ ಶ್ರಮ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಡಾರ್ಕ್ ಸ್ಲೈಡ್‌ನ ಬಿಳಿ ಬದಿ ಹೊರಗಿದ್ದರೆ ಹಾಳೆ ಹೊಸದು, ಕಪ್ಪು ಹೊರಗಿದ್ದರೆ ಚಿತ್ರ ತೆಗೆದಾಗಿದೆ. ಇದು ಎಲ್ಲರೂ ಪಾಲಿಸುವ ರೂಢಿ, ಬದಲಾಯಿಸಬೇಡಿ. ಬಿಳಿ ಬದಿಯ ಹಿಡಿಕೆಯಲ್ಲಿ ಸಣ್ಣ ಉಬ್ಬುಗಳಿರುತ್ತವೆ, ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ. ಹೋಲ್ಡರ್‌ಗೆ ನಂಬರ್ ಬರೆದು, ಒಂದೊಂದನ್ನೂ ಜಿಪ್ ಚೀಲದಲ್ಲಿ ಹಾಕಿ.

ದಾರಿಯಲ್ಲಿ ಮತ್ತೆ ತುಂಬಬೇಕಾದರೆ ಚೇಂಜಿಂಗ್ ಬ್ಯಾಗ್ (ಕೈ ತೂರಿಸಿ ಕತ್ತಲಲ್ಲೇ ಫಿಲ್ಮ್ ತುಂಬುವ ಚೀಲ) ಬೇಕು, ಜೊತೆಗೆ ಒಂದು ಖಾಲಿ ಫಿಲ್ಮ್ ಡಬ್ಬಿ. ತೆಗೆದ ಹಾಳೆ ಹೋಗುವ ಡಬ್ಬಿಯ ಮೇಲೆ "ತೆಗೆದದ್ದು" ಅಂತ ದಪ್ಪ ಅಕ್ಷರದಲ್ಲಿ ಮೊದಲೇ ಬರೆದು, ಸುತ್ತ ರಬ್ಬರ್ ಬ್ಯಾಂಡ್ ಹಾಕಿ. ಚೀಲದೊಳಗೆ ಕಣ್ಣಿಲ್ಲ, ರಬ್ಬರ್ ಬ್ಯಾಂಡ್ ಬೆರಳಿಗೆ ಸಿಗುತ್ತದೆ. ಈ ಕೆಲಸ ರಾತ್ರಿ ಟೆಂಟಿನಲ್ಲಿ, ಕೈ ತೊಳೆದು ಪೂರ್ತಿ ಒಣಗಿದ ಮೇಲೆ ಮಾಡಿ. ನಡೆದು ಬಂದು ಬೆವರುತ್ತಿರುವಾಗ ಕೈ ಹಾಕಿದರೆ ಚೀಲದೊಳಗೆ ತೇವ ಕಟ್ಟಿ ಹಾಳೆ ಬೆರಳಿಗೆ ಅಂಟುತ್ತದೆ.

ವಿಮಾನದಲ್ಲಿ ಹೋಗುವವರು ಫಿಲ್ಮನ್ನು ಕೈಚೀಲದಲ್ಲೇ ಇಟ್ಟುಕೊಂಡು, ಕೈಯಿಂದ ತಪಾಸಣೆ ಮಾಡಿ ಎಂದು ಕೇಳಿ. ಹೊಸ ಸಿಟಿ ಸ್ಕ್ಯಾನರ್‌ಗಳು ಒಂದೇ ಸಲಕ್ಕೆ ಫಿಲ್ಮನ್ನು ಮಂಕಾಗಿಸಬಲ್ಲವು.

ಚೀಲ ಕಟ್ಟುವುದು

ಕ್ಯಾಮೆರಾಕ್ಕೆ ಪ್ರತ್ಯೇಕ ಮೆತ್ತೆಯ ಪೆಟ್ಟಿಗೆ ಬೇಡ. ನಾನು ಅದನ್ನು ನನ್ನ ದಪ್ಪ ಜಾಕೆಟ್‌ನಲ್ಲಿ ಸುತ್ತುತ್ತೇನೆ. ನಿಂತ ಕೂಡಲೇ ಜಾಕೆಟ್ ನನಗೆ ಬೇಕು, ಕ್ಯಾಮೆರಾವೂ ಬೇಕು. ಎರಡೂ ಒಟ್ಟಿಗೆ ಹೊರಬರುತ್ತವೆ. ಲೆನ್ಸುಗಳು ಉಣ್ಣೆಯ ಕಾಲುಚೀಲದೊಳಗೆ. ಭಾರದ ವಸ್ತುಗಳು ಬೆನ್ನಿಗೆ ಅಂಟಿಕೊಂಡು, ಭುಜದ ಎಲುಬುಗಳ ನಡುವೆ ಬರಲಿ. ಹೊರಗಡೆಗೆ ಇಟ್ಟರೆ ಚೀಲ ಹಿಂದಕ್ಕೆ ಎಳೆಯುತ್ತದೆ. ಕಡಿದಾದ ಜಾಗದಲ್ಲಿ ಅದು ಅಪಾಯ. ಟ್ರೈಪಾಡ್ ಒಂದು ಪಕ್ಕಕ್ಕೆ, ನೀರು ಇನ್ನೊಂದು ಪಕ್ಕಕ್ಕೆ. ಗ್ರೌಂಡ್ ಗ್ಲಾಸ್ ಮೇಲೆ ತೆಳು ಪ್ಲಾಸ್ಟಿಕ್ ಹಲಗೆಯ ಮುಚ್ಚಳ ಕಡ್ಡಾಯ. ಅದು ಒಡೆದರೆ ಅಂದಿನ ಕೆಲಸ ಅಲ್ಲಿಗೇ ನಿಂತಿತು.

ಹೊರಡುವ ಹಿಂದಿನ ರಾತ್ರಿ ಕತ್ತಲ ಕೋಣೆಯಲ್ಲಿ ಬೆಲ್ಲೋಸ್ ಪೂರ್ತಿ ಚಾಚಿ, ಒಳಗೆ ಟಾರ್ಚ್ ಹಿಡಿದು ನೋಡಿ. ಮಡಿಕೆಯ ಮೂಲೆಗಳಲ್ಲಿ ನಕ್ಷತ್ರದ ಹಾಗೆ ಚುಕ್ಕಿ ಹೊಳೆದರೆ ಅದು ತೂತು. ಕಪ್ಪು ಬಟ್ಟೆ ಟೇಪಿನ ಸಣ್ಣ ತುಂಡು ಸಾಕು. ಒಂದಷ್ಟು ಟೇಪನ್ನು ಟ್ರೈಪಾಡ್ ಕಾಲಿಗೇ ಸುತ್ತಿಟ್ಟುಕೊಂಡರೆ ದಾರಿಯಲ್ಲೂ ಸಿಗುತ್ತದೆ.

ಚೀಲ ಇಳಿಸುವ ಮೊದಲು ನೋಡಿ

ಕ್ಯಾಮೆರಾ ಬಿಚ್ಚಿ ಮಡಚಲು ಇಪ್ಪತ್ತು ನಿಮಿಷ ಬೇಕು. ಕಂಡಕಂಡಲ್ಲಿ ಬಿಚ್ಚಿದರೆ ದಿನ ಮುಗಿಯುತ್ತದೆ, ಶಕ್ತಿಯೂ ಮುಗಿಯುತ್ತದೆ. ಇದಕ್ಕೆ ನನ್ನ ಬಳಿ ಇರುವುದು ಒಂದು ಕಪ್ಪು ರಟ್ಟಿನ ತುಂಡು. ನಡುವೆ 95×120 ಎಂಎಂ ಅಳತೆಯ ಕಿಂಡಿ ಕತ್ತರಿಸಿದ್ದೇನೆ. ಹಾಳೆಯ ಮೇಲೆ ಬೀಳುವ ಚಿತ್ರದ ಅಳತೆ ಹತ್ತಿರಹತ್ತಿರ ಅಷ್ಟೇ. ರಟ್ಟಿಗೆ ಒಂದು ದಾರ, ದಾರದಲ್ಲಿ 135 ಮತ್ತು 240 ಎಂಎಂ ದೂರಕ್ಕೆ ಒಂದೊಂದು ಗಂಟು. ಗಂಟನ್ನು ಕಣ್ಣಿನ ಪಕ್ಕದ ಮೂಳೆಗೆ ಒತ್ತಿ, ದಾರ ಬಿಗಿಯಾಗುವ ತನಕ ರಟ್ಟನ್ನು ಮುಂದೆ ಹಿಡಿದು ಒಂದೇ ಕಣ್ಣಲ್ಲಿ ನೋಡಿದರೆ ಆ ಲೆನ್ಸಿಗೆ ಕಾಣುವಷ್ಟೇ ದೃಶ್ಯ ಕಿಂಡಿಯಲ್ಲಿ ಕಾಣುತ್ತದೆ. ತೂಕ ಇಲ್ಲವೇ ಇಲ್ಲ ಅನ್ನಬಹುದು. ಬ್ಯಾಟರಿಯೂ ಬೇಡ.

ಚೀಲ ಬೆನ್ನ ಮೇಲಿದ್ದಂತೆಯೇ ನಾಲ್ಕು ಹೆಜ್ಜೆ ಎಡಕ್ಕೆ, ನಾಲ್ಕು ಹೆಜ್ಜೆ ಬಲಕ್ಕೆ ಹೋಗಿ ನೋಡಿ. ಕೂತು ನೋಡಿ. ಕಿಂಡಿಯೊಳಗೆ ಚಿತ್ರ ಇಲ್ಲ ಅನ್ನಿಸಿದರೆ ಸುಮ್ನೆ ಮುಂದೆ ನಡೆಯಿರಿ.

ನಿಲ್ಲಿಸಿ, ಬಿಚ್ಚಿ, ತೆಗೆಯಿರಿ

ಈ ಭಾಗವನ್ನು ಮನೆಯಲ್ಲಿ ಹತ್ತಾರು ಸಲ ಮಾಡಿ ಕೈಗೆ ಕಲಿಸಬೇಕು. ಕ್ರಮ ನಿಮ್ಮದೇ ಇರಲಿ, ಆದರೆ ಪ್ರತಿ ಸಲವೂ ಅದೇ ಇರಲಿ. ನನ್ನ ಕ್ರಮ ಹೇಳುತ್ತೇನೆ.

ಮೊದಲು ಜಾಕೆಟ್ ಹಾಕಿಕೊಳ್ಳುತ್ತೇನೆ. ಚಳಿಯಾದ ಮೇಲೆ ಹಾಕಿಕೊಂಡರೆ ಅಷ್ಟರಲ್ಲಿ ಬೆರಳು ಮರಗಟ್ಟಿರುತ್ತದೆ. ಆಮೇಲೆ ಟ್ರೈಪಾಡ್. ತೆಳುವಾದ ಕೆಳಗಿನ ಕಾಲುಗಳನ್ನು ಆದಷ್ಟು ಎಳೆಯುವುದಿಲ್ಲ, ನಡುವಿನ ಕಂಬವನ್ನಂತೂ ಎತ್ತುವುದೇ ಇಲ್ಲ. ಇಳಿಜಾರಿನಲ್ಲಿ ಎರಡು ಕಾಲು ಇಳಿಜಾರಿನ ಕಡೆಗೆ. ಕ್ಯಾಮೆರಾ ಕೂರಿಸಿ, ಮಟ್ಟ ನೋಡಿ, ಲೆನ್ಸ್ ಹಿಡಿಯುವ ಮುಂದಿನ ಚೌಕಟ್ಟು, ಗಾಜು ಹಿಡಿಯುವ ಹಿಂದಿನ ಚೌಕಟ್ಟು ಎರಡೂ ಬಾಗದೆ ಸೊನ್ನೆಯಲ್ಲಿವೆಯೇ ಎಂದು ಖಚಿತ ಮಾಡಿಕೊಂಡು ಲೆನ್ಸ್ ಹಾಕುತ್ತೇನೆ. ಶಟರ್ ತೆರೆದು, ಅಪರ್ಚರ್ (ಲೆನ್ಸಿನ ಕಿಂಡಿ) ಪೂರ್ತಿ ಬಿಚ್ಚಿ, ಬಟ್ಟೆಯೊಳಗೆ ತಲೆ ಹಾಕುತ್ತೇನೆ.

ಬಟ್ಟೆಯೊಳಗೆ ಹೋದ ಕೂಡಲೇ ಏನೂ ಕಾಣುವುದಿಲ್ಲ. ಹತ್ತು ಸೆಕೆಂಡ್ ಕಾಯಿರಿ. ಕಣ್ಣು ಹೊಂದಿಕೊಂಡಂತೆ ಗಾಜಿನ ಮೇಲೆ ಬೆಟ್ಟ ತಲೆಕೆಳಗಾಗಿ ಮೂಡುತ್ತದೆ. ಮೋಡ ಕೆಳಗಡೆ ತೇಲುತ್ತದೆ, ಹುಲ್ಲು ಮೇಲಿನಿಂದ ಜೋತುಬೀಳುತ್ತದೆ. ಚಳಿಯಲ್ಲಿ ಒಂದು ಉಸಿರು ಗಾಜಿಗೆ ತಾಗಿದರೂ ಎಲ್ಲ ಮಂಜು. ಬಾಯಿ ಮುಚ್ಚಿ ಮೂಗಿನಿಂದ ಕೆಳಕ್ಕೆ ಉಸಿರು ಬಿಡುವುದನ್ನು ರೂಢಿ ಮಾಡಿಕೊಳ್ಳಿ. ತಲೆಕೆಳಗಾದ ಚಿತ್ರಕ್ಕೆ ಬೇಗ ಒಗ್ಗಿಹೋಗುತ್ತೀರಿ. ಅದರಲ್ಲಿ ಬೆಟ್ಟದ ಹೆಸರು ಮರೆತು ಬರೀ ಆಕಾರ ಕಾಣುತ್ತದೆ. ಚೌಕಟ್ಟು ಸರಿ ಇದೆಯೋ ಇಲ್ಲವೋ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಕಾಲ ಬುಡದ ಹೂವಿನಿಂದ ದೂರದ ಶಿಖರದವರೆಗೆ ಎಲ್ಲ ಚೊಕ್ಕವಾಗಿ ಬರಬೇಕಾದರೆ ಮುಂದಿನ ಚೌಕಟ್ಟನ್ನು ಮುಂದಕ್ಕೆ ಬಾಗಿಸಬೇಕು. ಇದರ ನಿಯಮಕ್ಕೆ ಥಿಯೊಡರ್ ಶೈಮ್‌ಫ್ಲುಗ್ ಎಂಬ ಆಸ್ಟ್ರಿಯಾದ ಸೇನಾಧಿಕಾರಿಯ ಹೆಸರಿದೆ, ಅವನ ಪೇಟೆಂಟ್ 1904ರದ್ದು. ಹೊಸಬರು ಅಗತ್ಯಕ್ಕಿಂತ ಜಾಸ್ತಿ ಬಾಗಿಸುತ್ತಾರೆ. ಲೆಕ್ಕ ನೋಡಿ. ಲೆನ್ಸ್ ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದು, ಸಮತಟ್ಟಾದ ನೆಲವೆಲ್ಲ ಫೋಕಸ್‌ನಲ್ಲಿ ಬರಬೇಕಾದರೆ 150 ಎಂಎಂ ಲೆನ್ಸಿಗೆ ಬೇಕಾದ ಬಾಗು ಸುಮಾರು 6 ಡಿಗ್ರಿ ಮಾತ್ರ. ದೂರದ ಶಿಖರಕ್ಕೆ ಫೋಕಸ್ ಮಾಡಿ, ಹತ್ತಿರದ ಹೂವು ಚೊಕ್ಕವಾಗುವ ತನಕ ಕೂದಲೆಳೆಯಷ್ಟೇ ಬಾಗಿಸಿ, ಮತ್ತೆ ಶಿಖರಕ್ಕೆ ಫೋಕಸ್ ಮಾಡಿ. ಮೂರು ಸುತ್ತಿನಲ್ಲಿ ಎರಡೂ ಕೂಡಿಕೊಳ್ಳುತ್ತವೆ. ನಡುವೆ ಎತ್ತರದ ಮರವೋ ಬಂಡೆಯೋ ನೆಟ್ಟಗೆ ನಿಂತಿದ್ದರೆ ಅದರ ತುದಿ ಈ ಸಮತಲದಿಂದ ಹೊರಗೆ ಹೋಗುತ್ತದೆ. ಅಲ್ಲಿ ಎಫ್ 32 ನೆರವಿಗೆ ಬರುತ್ತದೆ. ಎಫ್ 45 ಆಚೆಗೆ ಹೋದರೆ ಡಿಫ್ರಾಕ್ಷನ್‌ನಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರ ಮೆತ್ತಗಾಗುತ್ತದೆ, ಆದಷ್ಟು ಬೇಡ.

ನಾಲ್ಕು ಮೂಲೆಗಳನ್ನು ಲೂಪ್ ಇಟ್ಟು ನೋಡಿ. ಎಲ್ಲ ತಿರುಪು ಬಿಗಿ ಮಾಡಿ. ಈಗ ಹೊರಗೆ ಬಂದು ಬೆಳಕು ಅಳೆಯಿರಿ, ನೋಟ್‌ಪುಸ್ತಕದಲ್ಲಿ ಬರೆಯಿರಿ, ಅಪರ್ಚರ್ ಇಳಿಸಿ, ಶಟರ್ ಮುಚ್ಚಿ, ವೇಗ ಹಾಕಿ, ಕಾಕ್ ಮಾಡಿ (ಶಟರ್‌ನ ಸ್ಪ್ರಿಂಗ್ ಬಿಗಿ ಮಾಡಿ), ಖಾಲಿಯಾಗಿ ಒಂದು ಸಲ ಹೊಡೆದು ಕಿವಿಯಿಂದ ಕೇಳಿ, ಮತ್ತೆ ಕಾಕ್ ಮಾಡಿ. ಆಮೇಲೆಯೇ ಹೋಲ್ಡರ್ ಕೈಗೆತ್ತಿಕೊಳ್ಳುವುದು. ಅದನ್ನು ಸೇರಿಸುವಾಗ ಇನ್ನೊಂದು ಕೈಯಿಂದ ಹಿಂಬದಿ ಚೌಕಟ್ಟನ್ನು ಆತುಕೊಳ್ಳಿ, ಇಲ್ಲದಿದ್ದರೆ ಫೋಕಸ್ ಸರಿಯುತ್ತದೆ. ಎತ್ತರದಲ್ಲಿ ಬಿಸಿಲು ತೀಕ್ಷ್ಣ. ಡಾರ್ಕ್ ಸ್ಲೈಡ್ ಎಳೆಯುವ ಸೀಳಿನ ಮೇಲೆ ಕಪ್ಪು ಬಟ್ಟೆ ಹೊದಿಸಿ ಎಳೆಯಿರಿ. ಎಳೆದ ಸ್ಲೈಡ್‌ನಿಂದಲೇ ಲೆನ್ಸಿಗೆ ನೆರಳು ಮಾಡಬಹುದು, ಆದರೆ ಅದು ಚೌಕಟ್ಟಿನೊಳಗೆ ಇಣುಕದಂತೆ ನೋಡಿಕೊಳ್ಳಿ. ಕೇಬಲ್ ಒತ್ತಿ. ಸ್ಲೈಡ್‌ನ ಕಪ್ಪು ಬದಿ ಹೊರಗೆ ಬರುವಂತೆ ತಿರುಗಿಸಿ ಸೇರಿಸಿ, ಮೇಲಿನ ಕೊಕ್ಕೆ ತಿರುಗಿಸಿ.

ಒಂದು ಮುಂಜಾನೆ ಎರಡು ಗಂಟೆ ಕತ್ತಲಲ್ಲಿ ಹತ್ತಿದ್ದೆ. ಕಣಿವೆಯ ಮಂಜು ಸರಿದು ಕೆಳಗಿನ ನದಿ ಹೊಳೆಯಿತು. ಆತುರದಲ್ಲಿ ಶಟರ್ ಮುಚ್ಚದೆಯೇ ಸ್ಲೈಡ್ ಎಳೆದುಬಿಟ್ಟೆ. ಹಾಳೆ ಪೂರ್ತಿ ಬೆಳಕು ಕುಡಿಯಿತು. ಇನ್ನೊಂದು ಬದಿ ತಿರುಗಿಸಿ ಹಾಕುವಷ್ಟರಲ್ಲಿ ಮಂಜು ಮುಚ್ಚಿಕೊಂಡಿತು, ಆ ದಿನ ಮತ್ತೆ ತೆರೆಯಲಿಲ್ಲ. ಆ ಬೆಳಕು ಇವತ್ತಿಗೂ ಕಣ್ಣಲ್ಲಿದೆ. ಅಂದಿನಿಂದ ಒಂದು ಕಟ್ಟಳೆ ಮಾಡಿಕೊಂಡಿದ್ದೇನೆ: ಎಡಗೈ ಬೆರಳು ಶಟರ್ ಮುಚ್ಚುವ ಸನ್ನೆಯನ್ನು ಮುಟ್ಟಿ ನೋಡದೆ ಬಲಗೈ ಸ್ಲೈಡ್ ಮುಟ್ಟುವುದಿಲ್ಲ. ನೆನಪನ್ನು ನಂಬದೆ ಬೆರಳನ್ನು ನಂಬಿ.

ಬೆಳಕಿನ ಲೆಕ್ಕ

ದೃಶ್ಯದ ಒಂದು ಚುಕ್ಕಿಯನ್ನಷ್ಟೇ ಅಳೆಯುವ 1 ಡಿಗ್ರಿಯ ಸ್ಪಾಟ್ ಮೀಟರ್ ಇದ್ದರೆ ಕೆಲಸ ಸಲೀಸು. ಕಪ್ಪು-ಬಿಳುಪು ಫಿಲ್ಮಿಗೆ ವಿವರ ಬೇಕಾದ ಅತಿ ಕಪ್ಪು ನೆರಳನ್ನು ಅಳೆದು, ಬಂದ ಅಳತೆಗಿಂತ ಎರಡು ಸ್ಟಾಪ್ ಕಡಿಮೆ ಕೊಡಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು ಅಥವಾ ಅರ್ಧ). ಬಿಸಿಲು ಬಿದ್ದ ಹಿಮವನ್ನೇ ಅಳೆದರೆ ಮೀಟರ್ ಅದನ್ನು ಬೂದು ಬಣ್ಣಕ್ಕೆ ಇಳಿಸುತ್ತದೆ. ಅಲ್ಲಿ ಎರಡು ಸ್ಟಾಪ್ ಜಾಸ್ತಿ ಕೊಟ್ಟರೆ ಹಿಮ ಬೆಳ್ಳಗೂ ಇರುತ್ತದೆ, ಅದರ ಮೇಲಿನ ಗೆರೆಗಳೂ ಉಳಿಯುತ್ತವೆ. ಮೀಟರ್ ಕೆಟ್ಟರೆ ಹಳೆಯ ಲೆಕ್ಕ ನೆನಪಿರಲಿ: ಪೂರ್ತಿ ಬಿಸಿಲಿನಲ್ಲಿ ಎಫ್ 16, ವೇಗ ಐಎಸ್ಒ ಎಷ್ಟೋ ಅಷ್ಟನೇ ಒಂದು ಸೆಕೆಂಡ್. ಐಎಸ್ಒ 125 ಫಿಲ್ಮಿಗೆ ಎಫ್ 32ರಲ್ಲಿ ಅದು 1/30.

ಎತ್ತರಕ್ಕೆ ಹೋದಂತೆ ಆಕಾಶ ತಾನಾಗಿಯೇ ಕಡು ನೀಲಿ. ಹಳದಿ ಫಿಲ್ಟರ್ ಒಂದು ಸ್ಟಾಪ್ ತಿನ್ನುತ್ತದೆ, 25ನೇ ನಂಬರಿನ ಕೆಂಪು ಮೂರು ಸ್ಟಾಪ್. ಕೆಂಪು ಹಾಕಿದರೆ ಆಕಾಶ ಹೆಚ್ಚುಕಡಿಮೆ ಕಪ್ಪಾಗುತ್ತದೆ. ಮರೆಯಬಾರದ ಮಾತೊಂದಿದೆ. ಬೆಟ್ಟದ ನೆರಳುಗಳಿಗೆ ಬೆಳಕು ಕೊಡುವುದೂ ಆ ನೀಲಿ ಆಕಾಶವೇ. ಕೆಂಪು ಫಿಲ್ಟರ್ ಆ ಬೆಳಕನ್ನೂ ತಡೆಯುವುದರಿಂದ ನೆರಳೆಲ್ಲ ಮಸಿಯಾಗುತ್ತದೆ. ನೆರಳಿಗೆ ಇನ್ನೊಂದು ಸ್ಟಾಪ್ ಕೊಡಿ.

1927ರ ಏಪ್ರಿಲ್‌ನಲ್ಲಿ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅಲ್ಲಿಯ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಎದುರಿನ ಬಂಡೆಗೆ ಹತ್ತಿದ್ದು 12 ಗಾಜಿನ ಪ್ಲೇಟ್ ಹೊತ್ತು. ಮುಖ್ಯ ಚಿತ್ರದ ಹೊತ್ತಿಗೆ ಉಳಿದದ್ದು ಎರಡೇ. ಮೊದಲನೆಯದಕ್ಕೆ ಹಳದಿ ಫಿಲ್ಟರ್ ಹಾಕಿದರು. ತಮ್ಮ ಮನಸ್ಸಿನಲ್ಲಿದ್ದ ಕಪ್ಪು ಆಕಾಶ ಅದರಲ್ಲಿ ಬರುವುದಿಲ್ಲ ಎಂದು ಹೊಳೆದು ಕೊನೆಯ ಪ್ಲೇಟಿಗೆ ಕಡು ಕೆಂಪು ಹಾಕಿದರು. ಹೆಸರಾದದ್ದು ಆ ಕೊನೆಯದು. ಹತ್ತು ಹಾಳೆ ಸಾಲದು ಅನ್ನಿಸಿದಾಗ ನಾನು ಇದನ್ನು ನೆನೆಯುತ್ತೇನೆ.

ಮುಸ್ಸಂಜೆಯಲ್ಲಿ ಸಮಯ ಒಂದು ಸೆಕೆಂಡ್ ದಾಟಿದರೆ ಫಿಲ್ಮ್ ಬೆಳಕನ್ನು ನಿಧಾನವಾಗಿ ಹೀರುತ್ತದೆ, ಹೆಚ್ಚು ಹೊತ್ತು ಕೊಡಬೇಕು. ಎಫ್‌ಪಿ4 ಪ್ಲಸ್‌ಗೆ ಮೀಟರ್ 10 ಸೆಕೆಂಡ್ ಎಂದರೆ 18, 30 ಎಂದರೆ ಸುಮಾರು 73. ಎಚ್‌ಪಿ5 ಪ್ಲಸ್‌ಗೆ 10 ಎಂದರೆ 20. ಫಿಲ್ಟರ್‌ನ ಲೆಕ್ಕ ಮೊದಲು ಸೇರಿಸಿ, ಆಮೇಲೆ ಇದು. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಮೀಟರ್‌ಗೇ ಅಂಟಿಸಿ. ದಣಿದ ತಲೆಗೆ ಗುಣಾಕಾರ ಹೇಳಬೇಡಿ.

ಗಾಳಿ, ಚಳಿ, ಸಿಡಿಲು

ಚಾಚಿದ ಬೆಲ್ಲೋಸ್ ಅಂದರೆ ಹಾಯಿ. ಗಾಳಿ ಬರುವ ಕಡೆಗೆ ನೀವು ನಿಂತು, ಜಾಕೆಟ್ ಬಿಚ್ಚಿ ಹರಡಿ ಮರೆ ಮಾಡಿ. ಟ್ರೈಪಾಡ್ ತಗ್ಗಿಸಿ. ಚೀಲವನ್ನು ಟ್ರೈಪಾಡ್‌ಗೆ ತೂಗುಹಾಕುವುದಾದರೆ ಅದರ ಬುಡ ನೆಲಕ್ಕೆ ತಾಗುತ್ತಿರಲಿ, ಇಲ್ಲದಿದ್ದರೆ ಚೀಲವೇ ತೂಗಾಡಿ ಕ್ಯಾಮೆರಾ ಅಲ್ಲಾಡಿಸುತ್ತದೆ. ಕಪ್ಪು ಬಟ್ಟೆಯ ಮೂಲೆಗಳಿಗೆ ಸಣ್ಣ ತೂಕ ಹೊಲಿಯಿರಿ. ಕೇಬಲ್ ಒತ್ತುವ ಮುಂಚೆ ಬಟ್ಟೆ ತೆಗೆದಿಡಿ. ಗಾಳಿಗೂ ಉಸಿರಿದೆ, ಎರಡು ಬೀಸಿನ ನಡುವೆ ಒಂದು ಬಿಡುವು ಇರುತ್ತದೆ. ಹುಲ್ಲಿನ ತುದಿ ನೋಡುತ್ತ ಅದಕ್ಕೆ ಕಾಯಿರಿ.

ಚಳಿಯಲ್ಲಿ ಹಳೆಯ ಶಟರ್‌ಗಳ ಎಣ್ಣೆ ಗಟ್ಟಿಯಾಗಿ ನಿಧಾನದ ವೇಗಗಳು ಎಳೆಯುತ್ತವೆ. ಅದಕ್ಕೇ ಮೊದಲು ಖಾಲಿ ಹೊಡೆದು ಕೇಳಿ ಅಂದದ್ದು. ಮೀಟರ್‌ನ ಬ್ಯಾಟರಿ ಎದೆಯ ಹತ್ತಿರದ ಜೇಬಿನಲ್ಲಿರಲಿ. ರಾತ್ರಿ ಕ್ಯಾಮೆರಾ, ಹೋಲ್ಡರ್ ಎರಡನ್ನೂ ಬೆಚ್ಚಗಿನ ಒಳಟೆಂಟಿಗೆ ತರಬೇಡಿ, ತೇವ ಕಟ್ಟುತ್ತದೆ. ತರಲೇಬೇಕಾದರೆ ಜಿಪ್ ಚೀಲ ತೆರೆಯದೆ ಒಂದೆರಡು ಗಂಟೆ ಬಿಡಿ.

ಗುಡುಗು ಕೇಳಿಸಿತೋ, ಮಡಚಿ ಇಳಿಯಿರಿ. ಬೋಳು ನೆತ್ತಿಯ ಮೇಲೆ ಟ್ರೈಪಾಡ್ ಪಕ್ಕ ನಿಂತವರೇ ಅಲ್ಲಿಯ ಅತಿ ಎತ್ತರದ ವಸ್ತು. ಯಾವ ಚಿತ್ರಕ್ಕೂ ಅಷ್ಟು ಬೆಲೆ ಇಲ್ಲ. 3000 ಮೀಟರ್ ಮೇಲೆ ಹೋದರೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ. ತಲೆನೋವು, ವಾಕರಿಕೆ ಬಂದರೆ ಅಲ್ಲೇ ನಿಲ್ಲಿ, ಹೆಚ್ಚಾದರೆ ಇಳಿಯಿರಿ. ಭಾರ ಹೊತ್ತವರಿಗೆ ಇದು ಇನ್ನೂ ಮುಖ್ಯ.

ಮನೆಗೆ ಬಂದ ಮೇಲೆ

ಡಬ್ಬಿಗೆ ತಾರೀಖು, ಫಿಲ್ಮಿನ ಹೆಸರು, ಹೋಲ್ಡರ್ ನಂಬರ್ ಬರೆಯಿರಿ. ಎಲ್ಲವನ್ನೂ ಒಂದೇ ಸಲ ತೊಳೆಯುವ ಆಸೆ ತಡೆದುಕೊಳ್ಳಿ. ಪ್ರತಿ ದೃಶ್ಯದ ಎರಡು ಹಾಳೆಗಳಲ್ಲಿ ಮೊದಲನೆಯದನ್ನು ಮಾತ್ರ ಡೆವಲಪ್ ಮಾಡಿ, ಒಣಗಿಸಿ, ಬೆಳಕಿಗೆ ಹಿಡಿದು ನೋಟ್‌ಪುಸ್ತಕದ ಪಕ್ಕದಲ್ಲಿಟ್ಟು ನೋಡಿ. ಹಿಮ ತೀರಾ ದಟ್ಟವಾಗಿದ್ದರೆ ಎರಡನೆಯದಕ್ಕೆ ಡೆವಲಪ್ ಸಮಯ ಇಳಿಸಿ. ಮಂಜಿನ ದಿನದ್ದಾಗಿ ಸಪ್ಪೆ ಇದ್ದರೆ ಏರಿಸಿ. ತಿರುಪು ಸಡಿಲಾಗಿ ಫೋಕಸ್ ಸರಿದಿತ್ತೋ, ಗಾಳಿಗೆ ಅಲ್ಲಾಡಿತ್ತೋ, ಮೂಲೆಯಲ್ಲಿ ಬೆಳಕು ಸೋರಿತ್ತೋ, ಎಲ್ಲವೂ ಅದೇ ಹಾಳೆಯಲ್ಲಿ ಕಾಣುತ್ತದೆ. ಬೆಳಕು ಸೋರಿದ ಗುರುತು ಒಂದೇ ನಂಬರಿನ ಹೋಲ್ಡರ್‌ನಲ್ಲಿ ಎರಡು ಸಲ ಕಂಡರೆ ಆ ಹೋಲ್ಡರನ್ನು ಪಕ್ಕಕ್ಕಿಟ್ಟು, ಮುಂದಿನ ನಡಿಗೆಗೆ ಬೇರೆಯದನ್ನು ತುಂಬಿ.